ಬಳೆ ತೊಡುವ ಕೈಯಂತೆ ಕುಗ್ಗಿದ ಉಕ್ಕು

ಬಳ್ಳಾರಿಯ ಸಣ್ಣ ಕಾರ್ಖಾನೆಗಳಲ್ಲಿ ಡೈ, ಎಂದರೆ ಅಚ್ಚು, ಮಾಡುವ ಮೇಸ್ತ್ರಿಗಳ ಹೆಸರು ಕೇಳಿದವರು ಕಡಿಮೆ. ಆದರೆ ಅವರ ಕೈಕೆಲಸದ ಫಲವನ್ನು ಮುಟ್ಟದವರು ಇರಲಿಕ್ಕಿಲ್ಲ. ಬೆಳಗ್ಗೆ ಎದ್ದು ಹಲ್ಲುಪುಡಿಯ ಡಬ್ಬಿ ತೆರೆಯುವವರು, ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಸೀಸೆಯ ಮುಚ್ಚಳ ತಿರುಗಿಸುವವರು, ಎಲ್ಲರೂ ಯಾರೋ ಒಬ್ಬ ಮೇಸ್ತ್ರಿ ಉಕ್ಕಿನಲ್ಲಿ ಕೊರೆದ ಅಚ್ಚಿನ ಉಪಕಾರವನ್ನು ತಿಳಿಯದೆಯೇ ಪಡೆದವರು. ಆ ಮೇಸ್ತ್ರಿಗಳ ಸಾಲಿನಲ್ಲಿ ಹಿರಿಯರಾದ, ಕುರುಗೋಡಿನ ಮಗನಾದ, ಕೌಲ್ ಬಜಾರಿನ ನಿವಾಸಿಗಳಾದ ಶ್ರೀ ಹೈದರಸಾಬರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಲೇತು, ಡ್ರಿಲ್ಲು, ಪ್ರೆಸ್ಸುಗಳ ನಡುವೆ ಅರ್ಧ ಆಯುಷ್ಯ ಕಳೆದು, ಹತ್ತೂ ಬೆರಳುಗಳನ್ನು ಹಾಗೆಯೇ ಉಳಿಸಿಕೊಂಡು ಮನೆಗೆ ಹೋಗುತ್ತಿದ್ದಾರೆ. ಈ ಕಸುಬು ಬಲ್ಲವರಿಗೆ ಇದು ಎಷ್ಟು ನೆಮ್ಮದಿಯ ಮಾತೆಂದು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಬೆರಳುಗಳನ್ನು ಕಾಯ್ದುಕೊಂಡದ್ದಲ್ಲದೆ ಆರು ಮಂದಿ ಹೆಣ್ಣುಮಕ್ಕಳ ಕೈಗಳನ್ನೂ ಕಾಯ್ದುಕೊಟ್ಟ ಅವರ ಸೇವೆಯನ್ನು ಈ ಅಭಿನಂದನ ಗ್ರಂಥದಲ್ಲಿ ಬರೆದಿಡದೆ ಹೋದರೆ ಕೃತಘ್ನತೆಯಾದೀತು.

ಹೈದರಸಾಬರ ತಂದೆ ಇಮಾಮಸಾಬರು ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಕುರುಗೋಡಿನ ಸುತ್ತಲ ಹಳ್ಳಿಗಳನ್ನು ತಿರುಗುತ್ತಿದ್ದವರು. ಮಗನಿಗೂ ಅದೇ ಕಸುಬೆಂದು ಮನೆಯವರೆಲ್ಲ ತಿಳಿದಿದ್ದರು. ಆದರೆ ಒಂದು ಮದುವೆಮನೆಯಲ್ಲಿ ಮದುಮಗಳಿಗೆ ಬಳೆ ಇಡಿಸುವಾಗ, ಎಳೆಯ ಹೈದರಸಾಬರ ಕೈಯಲ್ಲಿ ಹಸಿರು ಗಾಜಿನ ಬಳೆಯೊಂದು ಚಟ್ಟನೆ ಒಡೆದು ಆ ಹುಡುಗಿಯ ಮುಂಗೈಯಲ್ಲಿ ರಕ್ತ ಬಂತು. ಯಾರೂ ಬೈಯಲಿಲ್ಲ, ಹುಡುಗಿಯೇ ನಕ್ಕುಬಿಟ್ಟಳಂತೆ. ಆದರೂ ಅವರಿಗೆ ಆ ಸದ್ದು ಕಿವಿಯಿಂದ ಹೋಗಲಿಲ್ಲ. "ಅಬ್ಬಾ, ಒಡಿಯಲಾರದ್ದು ಯಾವುದರ ಕೊಡ್ರಿ, ಅದರ ಕೆಲಸ ಮಾಡ್ತೀನಿ" ಎಂದು ತಂದೆಗೆ ಹೇಳಿ, ಆಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲಕ್ಕೆ ಹೊಸಪೇಟೆಯ ಕಡೆಯ ಒಂದು ವರ್ಕ್‌ಶಾಪು ಸೇರಿದರು. ಅಲ್ಲಿ ಅರ ಹಿಡಿದು ಕಬ್ಬಿಣ ತಿಕ್ಕುವುದರಿಂದ ಮೊದಲುಮಾಡಿ ಲೇತಿನವರೆಗೆ ಕಲಿತರು.

ಅರವತ್ತರ ದಶಕದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಧಣಿ ಕೊಟ್ಟೂರಪ್ಪನವರು ಅವರನ್ನು ರಿಪೇರಿಗೆಂದು ಕರೆಸಿಕೊಂಡರು. ಕಾಲುವೆಯ ನೀರು ಬಂದು ಭತ್ತ ಹೆಚ್ಚಿದ ಕಾಲ. ಗಿರಣಿ ನಿಂತರೆ ಗಾಡಿಗಳು ಬೀದಿಯುದ್ದ ನಿಲ್ಲುತ್ತಿದ್ದವು. ಗಿರಣಿಯ ಗದ್ದಲದಲ್ಲಿ ಯಾವ ಬೇರಿಂಗು ಕೆಡಲಿದೆಯೆಂದು ಹೈದರಸಾಬರು ಸದ್ದಿನಿಂದಲೇ ಹೇಳಿಬಿಡುತ್ತಿದ್ದರು. ಹೀಗಾಗಿ ಧಣಿಗಳು ಬಳ್ಳಾರಿಯಲ್ಲಿ ಪ್ಲಾಸ್ಟಿಕ್ ಕಾರ್ಖಾನೆ ತೆರೆದಾಗ ಮೊದಲು ಕರೆದದ್ದು ಅವರನ್ನೇ. ಧಣಿಗಳ ಬಾಯಲ್ಲಿ 'ಲೇ' ಬಿಟ್ಟು ಬೇರೆ ಮಾತಿರಲಿಲ್ಲ, ಸಾಬರ ಬಾಯಲ್ಲಿ 'ಧಣೇರ' ಬಿಟ್ಟು ಬೇರೆ ಸಂಬೋಧನೆಯಿರಲಿಲ್ಲ. ಆದರೆ ಊಟದ ಹೊತ್ತಿಗೆ ಇಬ್ಬರ ಬುತ್ತಿಯೂ ಒಂದೇ ಬೆಂಚಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಕಾರ್ಖಾನೆಗೆ ಒಂದು ದೊಡ್ಡ ಕೆಲಸ ಬಂತು. ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಔಷಧಿ ಹೊಡೆಯುವ ಪಂಪು ಇರುತ್ತದಲ್ಲ, ಅದರ ಟ್ಯಾಂಕಿನ ಬಾಯಿಗೆ ಹಾಕುವ ಮುಚ್ಚಳ ಮಾಡುವ ಕೆಲಸ. ತಿರುಗಿಸಿ ಹಾಕುವ ಮುಚ್ಚಳವಾದ್ದರಿಂದ ಅದರ ಒಳಮೈಗೆ ಸುತ್ತುಗೆರೆ, ಕಾರ್ಖಾನೆಯ ಮಾತಿನಲ್ಲಿ ಥ್ರೆಡ್ಡು, ಬೇಕು. ಒಳಮೈಯ ಆಕಾರ ಮೂಡಿಸಲು ಅಚ್ಚಿನ ನಡುವೆ ನಿಲ್ಲಿಸುವ ಉಕ್ಕಿನ ದುಂಡು ತುಂಡಿಗೆ ಕೋರು ಎನ್ನುತ್ತಾರೆ. ಗಂಡಾಳುಗಳು ನಡೆಸುವ ಮಷೀನಿನಲ್ಲಿ ಕರಗಿದ ಪ್ಲಾಸ್ಟಿಕ್ಕು ಕೋರಿನ ಸುತ್ತ ತುಂಬಿ ಗಟ್ಟಿಯಾದ ಮೇಲೆ ಮುಚ್ಚಳವನ್ನು ನೇರ ಎಳೆದರೆ ಥ್ರೆಡ್ಡು ಕಿತ್ತುಹೋಗುತ್ತದೆ. ಆದ್ದರಿಂದ ಕೋರಿನ ಸಮೇತ ಹೊರಗೆ ತೆಗೆದು, ಬಿಸಿಬಿಸಿ ಇರುವಾಗಲೇ ಒಬ್ಬರು ಕೈಯಿಂದ ತಿರುವಿ ಬಿಡಿಸಬೇಕು. ಬೇಗ ತಿರುವಿದರೆ ಥ್ರೆಡ್ಡು ಹಿಗ್ಗುತ್ತದೆ. ತಡವಾದರೆ ಮುಚ್ಚಳ ಬಿಗಿದುಕೊಂಡು ಮಣಿಕಟ್ಟು ನುಲಿಯುತ್ತದೆ.

ಈ ತಿರುವುವ ಕೆಲಸಕ್ಕೆ ರೂಪನಗುಡಿ ರಸ್ತೆಯ ಕಡೆಯಿಂದ ಆರು ಮಂದಿ ಹೆಣ್ಣುಮಕ್ಕಳು ಸೇರಿದರು. ಮನೆಯವರು ಅನುಮಾನಪಟ್ಟಾಗ ಹೈದರಸಾಬರೇ ಒಂದೊಂದು ಮನೆಯ ಕಟ್ಟೆಯ ಮೇಲೆ ಕುಳಿತು, "ನಿಮ್ಮ ಮನಿ ಹೆಣ್ಮಗಳು ಹೆಂಗ ಬಂದಾಳೋ ಹಂಗ ವಾಪಸ್ ಬರ್ತಾಳ, ಅದು ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟು ಕರೆತಂದಿದ್ದರು. ಈ ಸಾಲುಗಳನ್ನು ಬರೆಯುತ್ತಿರುವವಳೂ ಆ ಆರು ಮಂದಿಯಲ್ಲಿ ಒಬ್ಬಳು. ಅವರಲ್ಲಿ ವೀರಭದ್ರಮ್ಮ ಎಲ್ಲರಿಗಿಂತ ಚುರುಕು, ನಾಲಿಗೆಯಲ್ಲೂ ಕೆಲಸದಲ್ಲೂ. ಮೊದಲು ಕೈ ಹಾಳಾದದ್ದೂ ಅವಳದೇ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಬಲಗೈ ಮಣಿಕಟ್ಟು ಬಾತು, ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ಮಗಳಿಗೆ ಬಿಟ್ಟುಕೊಟ್ಟಳು. ಯಾರ ಕೈಯಲ್ಲೂ ಬಳೆ ನಿಲ್ಲುತ್ತಿರಲಿಲ್ಲ. ತಿರುವುವ ಬಿಗಿಗೆ ಗಾಜು ಒಡೆದು ಚರ್ಮಕ್ಕೆ ಚುಚ್ಚುತ್ತಿತ್ತು. ಮುತ್ತೈದೆಯರು ಬರಿಗೈಯಲ್ಲಿ ಕಾರ್ಖಾನೆಗೆ ಬರುವುದನ್ನು ನೋಡಿ ಬೀದಿಯವರು ಆಡಿಕೊಂಡರು. ಬಳೆಗಾರರ ಮಗನಾದ ಹೈದರಸಾಬರು ಆ ಬರಿಗೈಗಳನ್ನು ನೋಡುತ್ತಿದ್ದರು. 'ಹೆಂಗ ಬಂದಾಳೋ ಹಂಗ' ಎಂದು ತಾವೇ ಆಡಿದ ಮಾತು ಅವರನ್ನು ಚುಚ್ಚುತ್ತಿತ್ತೆಂದು ಬಹಳ ವರ್ಷಗಳ ಮೇಲೆ ಒಮ್ಮೆ ಹೇಳಿಕೊಂಡರು.

ಅಷ್ಟರಲ್ಲಿ ಪಂಪಿನ ಕಂಪನಿಯಿಂದ ಇಂಜಿನಿಯರ್ ಓಬಳೇಶ ಅವರು ಬಂದರು. ಸಿರುಗುಪ್ಪ, ದೇಶನೂರಿನ ಗದ್ದೆಗಳಲ್ಲಿ ಮುಚ್ಚಳ ಸೋರಿ, ಔಷಧಿ ಹೊಡೆಯುವವರ ಬೆನ್ನು ತೊಯ್ದು ಸುಡುತ್ತಿದೆಯೆಂದು ದೂರು ಬಂದಿತ್ತು. ಇನ್ನು ಮುಂದೆ ಥ್ರೆಡ್ಡಿನ ಒಳಗಡೆ ರಬ್ಬರು ಉಂಗುರ ಕೂಡಲು ಒಂದು ಸುತ್ತು ಗಾಡಿ, ಎಂದರೆ ಕಾಲುವೆಯಂಥ ತಗ್ಗು, ಬೇಕೇಬೇಕು ಎಂದರು. ಹೇಳಲು ಸುಲಭ. ಆದರೆ ಆ ತಗ್ಗು ಮೂಡಬೇಕಾದರೆ ಕೋರಿನ ಮೇಲೆ ಒಂದು ಉಬ್ಬು ಇರಬೇಕು; ಉಬ್ಬು ತಗ್ಗಿನೊಳಗೆ ಸಿಕ್ಕಿಕೊಂಡ ಮೇಲೆ ಎಷ್ಟು ತಿರುವಿದರೂ ಮುಚ್ಚಳ ಬರುವುದಿಲ್ಲ. ಹೊರದೇಶಗಳಲ್ಲಿ ಒಳಕ್ಕೆ ಕುಗ್ಗುವ ಕೋರುಗಳಿವೆ, ತರಿಸುವುದು ನಮ್ಮಂಥವರ ಕೈಗೆಟುಕದು ಎಂದು ಓಬಳೇಶ ಅವರೇ ಗಾಳಿಯಲ್ಲಿ ಬೆರಳಾಡಿಸಿ ಅದರ ಅಂದಾಜು ತೋರಿಸಿದರು. ಆದಕಾರಣ ಕುಗ್ಗುವ ಕೋರನ್ನು ಹೈದರಸಾಬರು ಕಂಡುಹಿಡಿದರೆಂದು ಬರೆದರೆ ಅದು ಸುಳ್ಳು. ಅವರೇ ಮೊದಲು ಅಡ್ಡಬರುತ್ತಾರೆ. ಕೇಳಿದ ಒಂದು ಮಾತಿನಿಂದ ಅದನ್ನು ಬಳ್ಳಾರಿಯಲ್ಲಿ ಮಾಡಿ ನಿಲ್ಲಿಸಿದರು ಎಂಬುದು ನಿಜ.

ಕೊಟ್ಟೂರಪ್ಪನವರು ಮೊದಲು ನಕ್ಕರು. "ಉಕ್ಕು ಕುಗ್ಗತೈತೇನಲೇ ಹೈದರ? ಏನು ಹತ್ತಿ ಹಾಸಿಗಿ ಅಂದ್ಕೊಂಡೀ?"

"ಕುಗ್ಗಸ್ತೀನಿ ಧಣೇರ. ಖರೆ ಒಂದು ಮಾತು. ಅದು ಕೂತ ಮ್ಯಾಲ ತಿರುವೋ ಕೆಲಸ ಇರಂಗಿಲ್ಲ. ಆ ಹೆಣ್ಮಕ್ಕಳ್ನ ಮಷೀನಿಗೆ ಕೂಡಸ್ತೀನಿ ಅನ್ರಿ."

"ಮಷೀನಿನ ಹಿಡಿಕಿ ಜಗ್ಗಾಕ ಗಂಡಾಳು ತೇಕ್ತಾವ. ಹೆಂಗಸರು ಜಗ್ತಾರೇನು?"

"ಹೆಂಗಸರು ಜಗ್ಗಿದ್ರ ಬರಲಿಲ್ಲಂದ್ರ ಅದು ಕೋರೇ ಅಲ್ಲ ಅಂತ ಮೂಲ್ಯಾಗ ಒಗೀರಿ."

ಧಣಿಗಳು ಗಡ್ಡ ತುರಿಸಿಕೊಂಡರು. "ಆತು. ಆ ವೀರಭದ್ರಮ್ಮನ ಕೈ ಭಾಳ ಕೆಟ್ಟೈತಲ್ಲ, ಆಕಿನೇ ಜಗ್ಗಲಿ, ಓಬಳೇಶನ ಮುಂದ. ಮುಚ್ಚಳ ಬಿದ್ರ ಆರೂ ಮಂದಿ ಮಷೀನಿಗೆ. ಬೀಳಲಿಲ್ಲ ಅಂದ್ರ ಆರ್ಡರು ಹೋತು, ಈ ಸೆಕ್ಷನ್ನಿಗೆ ಬೀಗ. ನಾ ಸುಮ್ನ ಸಿರುಗುಪ್ಪಕ್ಕ ಹೋಗಿ ಅಕ್ಕಿ ಮಾರ್ತೀನಿ."

ಈ ಮಾತನ್ನು ಸಾಬರು ಹೆಣ್ಣುಮಕ್ಕಳಿಗೆ ಹೇಳಲಿಲ್ಲ. ಆಸೆ ತೋರಿಸಿ ಆಮೇಲೆ ಕೈಬಿಟ್ಟಂತಾದರೆ ಹೇಗೆಂದು ಅವರ ಅಂಜಿಕೆ. ಹೇಳದ್ದರಿಂದ ಬೇರೆಯೇ ಸುದ್ದಿ ಹಬ್ಬಿತು. ವೀರಭದ್ರಮ್ಮ ಲೇತಿನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಸಾಬಣ್ಣ, ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ ಕಬ್ಬಿಣದ ಕೈ ಮಾಡಾಕ ಹತ್ತೀರಂತ?"

"ನಿನ್ನ ಕೈ ನಿನಗ ವಾಪಸ್ ಕೊಡಾಕ ಹತ್ತೀನವ್ವ."

"ಕೆಲಸ ಇಲ್ಲದ ಕೈ ತಗೊಂಡು ಏನ್ ಮಾಡ್ಲಿ? ಉಪ್ಪು ಹಚ್ಚಿ ನೆಕ್ಲೇನು?"

ಸಾಬರು ತಲೆತಗ್ಗಿಸಿ ಮತ್ತೆ ಲೇತು ಚಾಲೂ ಮಾಡಿದರು. ಅಂದಿನಿಂದ ಕೆಲವು ತಿಂಗಳು ಹೆಣ್ಣುಮಕ್ಕಳು ಅವರ ಜೊತೆ ಬೇಕಾದಷ್ಟೇ ಮಾತಾಡಿದರು.

ಮೊದಲ ಕೋರು ಕೆಟ್ಟದ್ದು ಅವರ ಒಳ್ಳೆಯ ಗುಣದಿಂದಲೇ ಎನ್ನಬೇಕು. ಏನನ್ನೇ ಹಂಚಲಿ, ಕಡಲೆಪುರಿಯಾಗಲಿ ಕೆಲಸವಾಗಲಿ, ಎಲ್ಲರಿಗೂ ಸಮಪಾಲು ಹಂಚುವುದು ಅವರ ರೂಢಿ. ಕೋರನ್ನೂ ಹಾಗೆಯೇ ಉದ್ದಕ್ಕೆ ಸಮಪಾಲಾಗಿ ಸೀಳಿದರು. ಬುಡದಲ್ಲಿ ಎಲ್ಲ ಸೀಳುಗಳೂ ಅಂಗೈಗೆ ಬೆರಳು ಕೂಡಿದಂತೆ ಕೂಡಿದ್ದವು; ನಡುವೆ ತುದಿಗೆ ಸಣ್ಣಗಾಗುವ ಒಂದು ಗೂಟ. ಗೂಟ ಒಳಗಿದ್ದಾಗ ಸೀಳುಗಳು ಅರಳಿ ದುಂಡಗೆ ನಿಲ್ಲಬೇಕು, ಗೂಟ ಜಗ್ಗಿದಾಗ ಒಳಕ್ಕೆ ಬೀಳಬೇಕು ಎಂಬುದು ಲೆಕ್ಕ. ಗೂಟ ಜಗ್ಗಿದರು, ಒಂದೂ ಬೀಳಲಿಲ್ಲ. ಸಿರುಗುಪ್ಪದ ಬಸ್ಸು ನಿಂತೊಡನೆ ಎಲ್ಲರೂ ಒಟ್ಟಿಗೇ ಬಾಗಿಲಿಗೆ ನುಗ್ಗಿ, ಹೆಗಲಿಗೆ ಹೆಗಲು ಸಿಕ್ಕಿಕೊಂಡು, ಒಬ್ಬರೂ ಹತ್ತಲಾಗದೆ ನಿಲ್ಲುತ್ತಾರಲ್ಲ, ಹಾಗೆ ಸೀಳುಗಳೆಲ್ಲ ಒಂದನ್ನೊಂದು ಒತ್ತಿಕೊಂಡು ನಿಂತವು. ಮುಚ್ಚಳವನ್ನು ಗರಗಸದಿಂದ ಕೊಯ್ದು ಬಿಡಿಸಬೇಕಾಯಿತು.

ಆ ವರ್ಷದ ರಂಜಾನ್ ಹಬ್ಬದ ದಿನ ಹೈದರಸಾಬರು ಮನೆಯ ಜಗುಲಿಯಲ್ಲಿ ಸುಮ್ಮನೆ ಕುಳಿತಿದ್ದರು. ಅವರ ಪತ್ನಿ ಲಾಲಬೀ ಅವರು ನೆರೆಮನೆಯ ಹುಡುಗಿಗೆ ಬಳೆ ಇಡಿಸುತ್ತಿದ್ದರು. ಹುಡುಗಿ ಕೈ ಬಿಗಿಹಿಡಿದಿದ್ದಳು. "ಎಲ್ಲಾ ಬೆರಳು ಒಮ್ಮೆಗೇ ಹಿಚುಕಬಾರ್ದು ಬೇಟಿ, ಬಳಿ ಒಡಿತೈತಿ. ಮೊದ್ಲು ಹೆಬ್ಬೆಟ್ಟು ಒಳಗ ಹೋಗ್ಲಿ... ಈಗ ಕಿರಿಬೆಟ್ಟು... ಹಾಂ, ಉಳಿದಾವು ತಾವ ಜಾಗ ಮಾಡ್ಕೊಂತಾವ" ಎನ್ನುತ್ತ ಲಾಲಬೀ ಬಳೆಯನ್ನು ಗೆಣ್ಣು ದಾಟಿಸಿಬಿಟ್ಟರು.

ಸಾಬರು ಎದ್ದು ನಿಂತರು. "ಇನ್ನೊಮ್ಮೆ ಇಡಸು, ನೋಡ್ತೀನಿ."

"ಇಟ್ಟದ್ದು ತಗದು ಇಡಸ್ಲೇನು? ಹಬ್ಬದ ದಿನ ಹುಚ್ಚು ಹಿಡಿತೇನು ನಿಮಗ?"

"ಎಡಗೈ ಐತಲ್ಲ, ಅದಕ್ಕ ಇಡಸು."

ಹುಟ್ಟಿದಾಗಿನಿಂದ ಕಂಡದ್ದೇ, ಕೈಯಾರೆ ಮಾಡಿದ್ದೇ. ಆದರೆ ಬಿಟ್ಟುಬಂದ ಕಸುಬು ಹಿಡಿದ ಕಸುಬಿಗೆ ದಾರಿ ತೋರಿಸೀತೆಂದು ಅವರಿಗೆ ಅಂದಿನವರೆಗೆ ಹೊಳೆದಿರಲಿಲ್ಲ. ಈ ಸಲ ಸೀಳುಗಳನ್ನು ಸಮಪಾಲು ಮಾಡಲಿಲ್ಲ. ಒಂದು ಅಗಲ, ಒಂದು ಕಿರಿದು, ಹೀಗೆ ಒಂದರ ಮಗ್ಗುಲಿಗೊಂದು. ಗೂಟ ಸರಿದೊಡನೆ ಕಿರಿಯವು ಮೊದಲು ಒಳಕ್ಕೆ ಬೀಳಬೇಕು, ಅವು ಬಿಟ್ಟ ಜಾಗಕ್ಕೆ ಅಗಲದವು ಸರಿಯಬೇಕು, ಕೋರು ಬಳೆ ತೊಡುವ ಕೈಯಂತೆ ಸಣ್ಣಗಾಗಿ ಮುಚ್ಚಳ ಜಾರಿಬರಬೇಕು. ಹಳೆಯ ಲಾರಿಯ ಕಮಾನುಪಟ್ಟಿ ತಂದು, ಕಾಯಿಸಿ, ಹದ ಮಾಡಿ, ಸೀಳುಗಳು ತಾವಾಗಿಯೇ ಒಳಕ್ಕೆ ಬಾಗುವ ಗುಣ ಬರಿಸಿದರು. ಸೀಳಿಗೂ ಸೀಳಿಗೂ ನಡುವೆ ಕೂದಲೆಳೆ ಹೋಗುವಷ್ಟು ಸಂದು ಉಳಿದರೂ ಪ್ಲಾಸ್ಟಿಕ್ಕು ನುಗ್ಗಿ ಗಲೀಜಾಗುತ್ತದೆಂದು ವಾರಗಟ್ಟಲೆ ತಿಕ್ಕಿದರು. ಮಷೀನಿನ ಹಿಡಿಕೆಯನ್ನೂ ಉದ್ದ ಮಾಡಿ, ತಿರುಚದೆ ನೇರ ಎಳೆದರೆ ಗೂಟ ಬರುವ ಹಾಗೆ ಮಾಡಿದರು. ಮಾನವಮಿಗೆ ಎರಡು ದಿನ ಮುಂಚೆ ತಾವೊಬ್ಬರೇ ನಿಂತು ಒಂದು ಮುಚ್ಚಳ ತೆಗೆದರು. ಬಿತ್ತು. ಹಬ್ಬ ಕಳೆದ ಮೇಲೆ ಓಬಳೇಶ ಅವರು ಬರುವುದೆಂದು ಗೊತ್ತಾಯಿತು. ಉಕ್ಕಿಗೆ ದಣಿವಾಗದಿರಲೆಂದು ಗೂಟ ತೆಗೆದು ಕೋರನ್ನು ಕುಗ್ಗಿಸಿಯೇ ಬಿಟ್ಟು, ತಾಯಿಯನ್ನು ನೋಡಲು ಕುರುಗೋಡಿಗೆ ಹೋದರು.

ಮಾನವಮಿಯ ಆಯುಧ ಪೂಜೆಯ ದಿನ ಕೊಟ್ಟೂರಪ್ಪನವರು ಮಡಿಯುಟ್ಟು, ತಟ್ಟೆ ಹಿಡಿದು, ಲೇತಿನಿಂದ ಹಿಡಿದು ಕಸಬರಿಗೆಯವರೆಗೆ ಎಲ್ಲಕ್ಕೂ ವಿಭೂತಿ ಹಚ್ಚಿದರು. ಹೊಸ ಕೋರಿನ ಮುಂದೆ ಬಂದಾಗ ಅವರ ಭಕ್ತಿ ಇಮ್ಮಡಿಯಾಯಿತು. ಇಡೀ ಸೆಕ್ಷನ್ನು ಅದರ ಮೇಲೆಯೇ ನಿಂತಿತ್ತಲ್ಲ. ಮೂರು ಬೆರಳು ತುಂಬ ವಿಭೂತಿ ತೆಗೆದು, ಕೋರಿನ ಸುತ್ತಲೂ ಬಿಡದೆ ಬಳಿದು, ಕುಂಕುಮವಿಟ್ಟು, ತೆಂಗಿನಕಾಯಿಯ ನೀರನ್ನೂ ಅದರ ತಲೆಯ ಮೇಲೆಯೇ ಹನಿಸಿದರು.

ಹಬ್ಬ ಮುಗಿದು ಕಾರ್ಖಾನೆ ತೆರೆದ ಬೆಳಗ್ಗೆ ಯಾರೋ ಕೋರಿನ ಮೈ ಒರೆಸಿಟ್ಟಿದ್ದರು. ಸಾಬರು ಬಂದು ಗೂಟ ಒಳಸೇರಿಸಿದಾಗ ಸ್ವಲ್ಪ ಬಿಗಿ ಎನಿಸಿತು. ನಾಲ್ಕು ದಿನ ಸುಮ್ಮನಿದ್ದದ್ದಕ್ಕೆ ಇರಬೇಕೆಂದುಕೊಂಡರು. ಓಬಳೇಶ ಅವರು ಕುರ್ಚಿ ಬೇಡವೆಂದು ನಿಂತೇ ಇದ್ದರು. ಧಣಿಗಳು ಅವರ ಪಕ್ಕದಲ್ಲಿ. ಪಣ ಏನೆಂದು ಅಂದು ಧಣಿಗಳ ಬಾಯಿಂದಲೇ ಹೊರಬಿದ್ದು, ಹೆಣ್ಣುಮಕ್ಕಳೆಲ್ಲ ಸೆರಗಿನ ತುದಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದರು. ವೀರಭದ್ರಮ್ಮ ಮಾತ್ರ ಹಿಡಿಕೆಯ ಮುಂದೆ.

"ನೇರ ಜಗ್ಗವ್ವ. ತಿರುವಬ್ಯಾಡ" ಎಂದರು ಸಾಬರು.

ಅವಳು ಜಗ್ಗಿದಳು. ಗೂಟ ಹಗುರವಾಗಿ ಬಂತು. ಮುಚ್ಚಳ ಬೀಳಲಿಲ್ಲ. ಬಿಗಿಮುಷ್ಟಿಯಂತೆ ಕೋರು ಅದನ್ನು ಹಿಡಿದೇ ಇತ್ತು.

"ನೀವ್ ಹೇಳ್ದಂಗ ಜಗ್ಗೀನಿ ಸಾಬಣ್ಣ, ನಂದೇನಿಲ್ಲ" ಎಂದಳು ವೀರಭದ್ರಮ್ಮ. ಅವಳ ಬಾಯಲ್ಲಿ ಅಷ್ಟು ಮೆಲ್ಲನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಓಬಳೇಶ ಅವರು ನೆಲ ನೋಡಿದರು.

"ಒಂದು ತಾಸು ಕೊಡ್ರಿ ಧಣೇರ" ಎಂದರು ಸಾಬರು. ಮುಚ್ಚಳ ಕೊಯ್ದು ಕೋರನ್ನು ಬಿಚ್ಚಿದರು. ತಮ್ಮ ಲೆಕ್ಕವೇ ತಪ್ಪಿರಬೇಕು, ಹಬ್ಬದ ಮುಂಚೆ ಬಿದ್ದದ್ದು ಅದೃಷ್ಟವಿರಬೇಕು, ಇನ್ನು ಆರು ಮನೆಗಳ ಕಟ್ಟೆಗೆ ಹೋಗಿ ಏನು ಹೇಳಲಿ ಎಂದುಕೊಂಡರು. ಬಾಣಲಿಯಲ್ಲಿ ಸೀಮೆಎಣ್ಣೆ ಹಾಕಿ ಕೋರನ್ನು ಅದ್ದಿದರು. ಸಂದುಗಳಿಂದ ಬೆಳ್ಳನೆಯದೇನೋ ಮೋಡದಂತೆ ಎದ್ದಿತು. ಅದರ ನಡುವೆ ಕೆಂಪಿನ ಒಂದು ಎಳೆ. ತೊಳೆಯಲು ಕುಳಿತಿದ್ದ ವೀರಭದ್ರಮ್ಮ ಅದನ್ನು ಬೆರಳಲ್ಲಿ ಹೊಸೆದು ನೋಡಿದಳು. ಕಣ್ಣು ಅಗಲವಾದವು.

"ಸಾಬಣ್ಣ! ಇದು ಈಬತ್ತಿ!"

"ಶ್!" ಸಾಬರು ತುಟಿಗೆ ಬೆರಳಿಟ್ಟು ಧಣಿಗಳ ಕಡೆ ಕಣ್ಣು ಹಾಯಿಸಿದರು. ಎದೆಯ ಮೇಲಿಂದ ಗಿರಣಿಯ ಕಲ್ಲೇ ಇಳಿದಂತಾಗಿ ಅವರಿಗೆ ನಗು ಬಂದುಬಿಟ್ಟಿತ್ತು. "ಧಣೇರ ಭಕ್ತಿ ಅದು. ಸುಮ್ನ ತೊಳಿ."

"ಈ ಪಾಟಿ ಭಕ್ತಿಯೇನ್ರೀ? ಗಾರಿ ಮಾಡಿ ಮೆತ್ತ್ಯಾರಲ್ಲ!" ಎಂದು ವೀರಭದ್ರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಅವಳ ಹೆಗಲು ಕುಣಿಯುವುದನ್ನು ದೂರದಿಂದ ಕಂಡ ಉಳಿದವರು ಅವಳು ಅಳುತ್ತಿದ್ದಾಳೆಂದು ತಿಳಿದು ತಾವೂ ಕಣ್ಣೊರೆಸಿಕೊಂಡರು.

ಕೋರು ಒಣಗಿತು, ಕೂತಿತು. ಮತ್ತೆ ಪ್ಲಾಸ್ಟಿಕ್ಕು ತುಂಬಿತು. ವೀರಭದ್ರಮ್ಮ ಜಗ್ಗಿದಳು. ಕೋರಿನ ಕಿರಿಯ ಸೀಳುಗಳು ಒಳಬಿದ್ದವು, ಅಗಲದವು ಹಿಂದೆಯೇ ಸರಿದವು, ಮುಚ್ಚಳ ಟಪ್ಪೆಂದು ತಗಡಿನ ತಟ್ಟೆಗೆ ಬಿತ್ತು. ಓಬಳೇಶ ಅವರು ಅದನ್ನೆತ್ತಿ ಒಳಗಿನ ತಗ್ಗಿನಲ್ಲಿ ಉಗುರಾಡಿಸಿ, ಜೇಬಿನಿಂದ ರಬ್ಬರು ಉಂಗುರ ತೆಗೆದು ಕೂಡಿಸಿದರು. ಹೊಲಿದಿಟ್ಟಂತೆ ಕೂತಿತು. "ಆತು ಕೊಟ್ಟೂರಪ್ಪನವರ, ಮಾಡ್ರಿ" ಎಂದರು.

"ಮತ್ತ ಮೊದ್ಲೇನಾಗಿತ್ತಲೇ ಅದಕ್ಕ?" ಎಂದು ಧಣಿಗಳು ಕೇಳಿದರು.

"ಹಬ್ಬದ ಊಟ ಭಾರ ಆಗಿತ್ತು ಧಣೇರ. ಒಂದೀಟು ಜಳಕ ಮಾಡಸಿದೆ, ಹಗುರಾತು."

ಆಗ ವೀರಭದ್ರಮ್ಮನಿಗೆ ತಡೆಯಲಾಗಲಿಲ್ಲ. ಅವಳ ನಗು ಕಾರ್ಖಾನೆಯ ತಗಡು ಮಾಡಿಗೆ ಬಡಿದು ಕೇಳಿಸಿತು.

ಮುಂದಿನ ವಾರ ಸಾಬರ ಮಾತಿನಂತೆ ಆರೂ ಮಂದಿ ಮಷೀನಿನ ಮುಂದೆ ಕುಳಿತರು. ಅದೇ ವಾರ ಲಾಲಬೀ ಅವರು ಬಳೆಯ ಗಂಟು ಕಟ್ಟಿಕೊಂಡು ಊಟದ ಹೊತ್ತಿಗೆ ಬಂದರು. ಐದು ಮಂದಿಗೆ ಅವರು ಇಡಿಸಿದರು. ವೀರಭದ್ರಮ್ಮನ ಸರದಿ ಬಂದಾಗ ಹೈದರಸಾಬರೇ ಕೈಯೊರೆಸಿಕೊಂಡು ಬಂದು ಕುಳಿತರು. ಆ ಮದುವೆಮನೆಯ ದಿನದಿಂದ ಅವರು ಬಳೆ ಮುಟ್ಟಿರಲಿಲ್ಲ. "ಸಡ್ಲ ಬಿಡವ್ವ ಕೈ" ಎಂದು, ನೋವಿದ್ದ ಆ ಮಣಿಕಟ್ಟನ್ನು ಹೂವಿನಂತೆ ಹಿಡಿದು, ಹೆಬ್ಬೆರಳು ಒಳಕ್ಕೆ ಮಡಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ದಾಟಿಸಿದರು. ಒಂದೂ ಒಡೆಯಲಿಲ್ಲ. ಅಂದಿನಿಂದ ಹೆಣ್ಣುಮಕ್ಕಳ ಬಾಯಲ್ಲಿ ಆ ಕೋರಿಗೆ 'ಬಳಿಕೈ' ಎಂದೇ ಹೆಸರಾಯಿತು. ಓಬಳೇಶ ಅವರು ಕೂಡ ಹಾಗೆಯೇ ಕರೆಯತೊಡಗಿದರು.

ಸಾಬರ ಉಪಕಾರ ಅಲ್ಲಿಗೇ ನಿಲ್ಲಲಿಲ್ಲ. ಹೆಣ್ಣುಮಕ್ಕಳಲ್ಲಿ ಒಂದಿಬ್ಬರು ರಾತ್ರಿ ಶಾಲೆಗೆ ಸೇರಬಯಸಿದಾಗ ಅವರ ಪಾಳಿಯನ್ನು ಬೆಳಗಿನದಕ್ಕೆ ಬದಲಾಯಿಸಿ ಕೊಟ್ಟರು. ಅಚ್ಚಿನ ಮೇಲೆ ಅಕ್ಷರ ಕೊರೆಯುವವರು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು ಕೊರೆಯಬೇಕು. "ನಾ ಉಲ್ಟಾ ಬರ್ಯಾವ. ನೀವರ ಸೀದಾ ಕಲೀರಿ" ಎಂದು ಅವರು ನಗುತ್ತಿದ್ದರು. ನಡುವಯಸ್ಸು ದಾಟಿದ ಮೇಲೆ ಕಲಿತ ಆ ಅಕ್ಷರಗಳಿಂದಲೇ ಇಂದು ಈ ಲೇಖನ ಸೀದಾ ಬರೆಯಲು ಸಾಧ್ಯವಾಯಿತು.

ವಿಭೂತಿಯ ಸಂಗತಿ ಧಣಿಗಳಿಗೆ ಕೆಲವು ತಿಂಗಳ ಮೇಲೆ ಹೇಗೋ ತಿಳಿಯಿತು. ಮರುವರ್ಷದ ಆಯುಧ ಪೂಜೆಯಲ್ಲಿ ತಟ್ಟೆ ಹಿಡಿದು ಬಂದಾಗ ಕೋರಿನ ಮುಂದೆ ಸಾಬರು ಅಡ್ಡ ನಿಂತಿದ್ದರು. ಧಣಿಗಳು ಪೆಚ್ಚಾಗಿ, "ನನ್ನ ಈಬತ್ತಿಗೆ ಇಷ್ಟು ಅಂಜತೀಯೇನಲೇ? ಹಚ್ಚಲಿಲ್ಲ ಅಂದ್ರ ನನ್ನ ಮನಸಿಗೆ ಸಮಾಧಾನ ಇಲ್ಲೋ" ಎಂದರು.

"ಹಚ್ರಿ ಧಣೇರ. ಖರೆ ಅದಕ್ಕ ಬ್ಯಾಡ, ಅದನ್ನ ಮಾಡಿದ್ದಕ್ಕ ಹಚ್ರಿ" ಎಂದು ಹೈದರಸಾಬರು ತಮ್ಮ ಬಲಗೈ ಮುಂದೆ ಚಾಚಿದರು. ಕೊಟ್ಟೂರಪ್ಪನವರು ಆ ಕೈಯ ಬೆನ್ನಿನ ಮೇಲೆ ವಿಭೂತಿಯ ಮೂರು ಗೆರೆ ಎಳೆದರು. ಅದೇ ಪದ್ಧತಿಯಾಗಿ ಕಳೆದ ವರ್ಷದವರೆಗೂ ನಡೆದುಬಂದಿದೆ.

ಈಗ ಹೈದರಸಾಬರು ಲೇತಿನ ಹಿಡಿಕೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಮನೆಗೆ ಹೊರಟಿದ್ದಾರೆ. ಅವರಿಗೂ ಲಾಲಬೀ ಅವರಿಗೂ ಗಟ್ಟಿ ಆರೋಗ್ಯವೂ ತುಂಬು ಆಯುಷ್ಯವೂ ಇರಲಿ. ಮನೆಯಲ್ಲಿ ಸುಮ್ಮನೆ ಕೂಡುವ ಜಾಯಮಾನ ಅವರದಲ್ಲವಾದ್ದರಿಂದ ಅರ, ಸುತ್ತಿಗೆಗಳು ಅವರ ಕೈ ಬಿಡದಿರಲಿ. ಮಿಕ್ಕಂತೆ ನಾವು ಅವರಲ್ಲಿ ಬೇಡುವುದು ಒಂದೇ. ಕೊಟ್ಟೂರಪ್ಪನವರಿಗೆ ವಯಸ್ಸಾಗಿದೆ, ಭಕ್ತಿ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ, ಕೋರಿನ ಸಂದುಗಳು ಇನ್ನೂ ಹಾಗೆಯೇ ಇವೆ. ಆದುದರಿಂದ ಪ್ರತಿವರ್ಷ ಮಾನವಮಿಯ ಬೆಳಗ್ಗೆ ಸಾಬರು ತಪ್ಪದೆ ಕಾರ್ಖಾನೆಗೆ ಬಂದು, ಕೋರಿನ ಮುಂದೆ ನಿಂತು, ಆ ಕೈಯನ್ನು ಚಾಚಬೇಕು.